ಅನ್ನ ಹಾಕುತ್ತಿದ್ದ ಮೊಳೆ: ಒಂದು ಪ್ರಕರಣ ಅಧ್ಯಯನ

ಇದು ಬಂಡೆ ಹತ್ತುವ ಸಲಕರಣೆ ಮಾಡುತ್ತಿದ್ದ ಒಂದು ಅಮೆರಿಕದ ಕಂಪನಿಯ ಕಥೆ. ಅದರ ಹೆಸರನ್ನು ಬೇಕಂತಲೇ ಬಿಟ್ಟಿದ್ದೇನೆ. ಅದನ್ನು ನಡೆಸಿದವರ ಹೆಸರೂ ಇಲ್ಲ. ಗುಟ್ಟೇನೂ ಅಲ್ಲ, ಬಂಡೆ ಹತ್ತುವ ಹುಚ್ಚಿರುವವರು ಅರ್ಧ ದಾರಿಗೆ ಬರುವಷ್ಟರಲ್ಲಿ ಹಿಡಿದುಬಿಡುತ್ತಾರೆ. ಆದರೆ ಹೆಸರು ಕೇಳಿದ ತಕ್ಷಣ ಎಲ್ಲರ ಕಣ್ಣಿಗೆ ಬರುವುದು ಈಗಿನ ದೊಡ್ಡ ಅಂಗಡಿ, ದುಬಾರಿ ಜಾಕೆಟ್. ನನಗೆ ಬೇಕಾಗಿರುವುದು 1970ರ ಸುಮಾರಿನ ಒಂದು ತಗಡಿನ ಶೆಡ್ಡು. ಅದನ್ನು ನಡೆಸುತ್ತಿದ್ದ ಇಬ್ಬರು ಪಾಲುದಾರರು, ತಮಗೆ ಅನ್ನ ಹಾಕುತ್ತಿದ್ದ ಸರಕನ್ನು ತಾವೇ ಕೈಬಿಡುವ ತೀರ್ಮಾನ ಮಾಡಿದರು. ಒಬ್ಬರನ್ನು ಕಮ್ಮಾರ ಅನ್ನೋಣ, ಇನ್ನೊಬ್ಬರನ್ನು ಇಂಜಿನಿಯರ್ ಅನ್ನೋಣ.

ಗುಜರಿಯಿಂದ ಬಂದ ಕುಲುಮೆ

ಕಮ್ಮಾರ ಹುಟ್ಟಾ ಕಮ್ಮಾರನಲ್ಲ. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ಊರಿನಲ್ಲಿ ಬೆಳೆದ ಹುಡುಗ. 1953ರಲ್ಲಿ, 14ನೇ ವಯಸ್ಸಿಗೆ, ಬೇಟೆಗೆ ಡೇಗೆ ಪಳಗಿಸುವವರ ಸಂಘಕ್ಕೆ ಸೇರಿದ. ಡೇಗೆ ಗೂಡು ಮಾಡುವುದು ಕಡಿದಾದ ಬಂಡೆಯ ಮೇಲೆ. ಗೂಡಿನ ತನಕ ಹೋಗಬೇಕಾದರೆ ಮೇಲಿಂದ ಹಗ್ಗ ಬಿಟ್ಟು ಇಳಿಯಬೇಕು. ಇಳಿಯುವುದು ಕಲಿತ ಹುಡುಗನಿಗೆ ಹತ್ತುವ ರುಚಿಯೂ ಹತ್ತಿತು.

ಆಗ ಬಂಡೆ ಹತ್ತುವವರ ಜೀವ ಕಾಯುತ್ತಿದ್ದುದು ಪಿಟಾನ್. ಅದೊಂದು ಚಪ್ಪಟೆ ಮೊಳೆ, ತಲೆಯಲ್ಲಿ ಒಂದು ಕಣ್ಣು. ಬಂಡೆಯ ಸೀಳಿಗೆ ಇಟ್ಟು ಸುತ್ತಿಗೆಯಿಂದ ಹೊಡೆಯುವುದು. ಕಣ್ಣಿಗೆ ಕೊಂಡಿ ಹಾಕಿ, ಕೊಂಡಿಯಲ್ಲಿ ಹಗ್ಗ ತೂರಿಸಿ ಮೇಲಕ್ಕೆ ಹೋಗುವುದು. ಕೈಜಾರಿದರೆ ಹಗ್ಗ ಹಿಡಿದುಕೊಳ್ಳುತ್ತದೆ. ಯುರೋಪಿನಿಂದ ಬರುತ್ತಿದ್ದ ಪಿಟಾನ್ ಮೆದು ಕಬ್ಬಿಣದ್ದು. ಒಂದು ಸಲ ಹೊಡೆದರೆ ಅಲ್ಲೇ ಬಿಟ್ಟು ಹೋಗುವ ಪದ್ಧತಿ. ಕೀಳಲು ಹೋದರೆ ತಲೆ ಮುರಿಯುತ್ತಿತ್ತು.

ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಗೆ ಇದು ಹೊಂದುತ್ತಿರಲಿಲ್ಲ. ಅಲ್ಲಿನ ಗ್ರಾನೈಟ್ ಗೋಡೆಗಳನ್ನು ಹತ್ತಲು ಹಲವು ದಿನ ಬೇಕು. ನೂರಾರು ಕಡೆ ಪಿಟಾನ್ ಹೊಡೆಯಬೇಕು. ಎಲ್ಲವನ್ನೂ ಅಲ್ಲೇ ಬಿಟ್ಟು ಹೋಗುವುದಾದರೆ ಅಷ್ಟು ಕಬ್ಬಿಣ ಹೊರುವವರು ಯಾರು? ಸ್ವಿಟ್ಜರ್ಲೆಂಡ್ ಮೂಲದ ಒಬ್ಬ ಹಿರಿಯ ಕಮ್ಮಾರರು ಇದಕ್ಕೆ ದಾರಿ ಹುಡುಕಿದ್ದರು. ಫೋರ್ಡ್ ಮಾಡೆಲ್ ಎ ಕಾರಿನ ಆಕ್ಸಲ್ ಕಾಯಿಸಿ ಬಡಿದು ಗಟ್ಟಿ ಪಿಟಾನ್ ಮಾಡಿದ್ದರು. ಅದನ್ನು ಕಿತ್ತು ಮತ್ತೆ ಹೊಡೆಯಬಹುದಿತ್ತು.

ನಮ್ಮ ಹುಡುಗನಿಗೆ ಅದೇ ಬೇಕಾಯಿತು. 1957ರಲ್ಲಿ ಗುಜರಿ ಅಂಗಡಿಯಿಂದ ಕಲ್ಲಿದ್ದಲಿನ ಹಳೆ ಕುಲುಮೆ ತಂದ. ಕಾದ ಕಬ್ಬಿಣ ಇಟ್ಟು ಬಡಿಯುವ 138 ಪೌಂಡಿನ ಒಂದು ಅಡಿಗಲ್ಲು, ಒಂದಿಷ್ಟು ಇಕ್ಕಳ, ಸುತ್ತಿಗೆ. ಕೆಲಸ ತಾನೇ ಕಲಿತ. ಮೊದಲ ಪಿಟಾನ್‌ಗಳಿಗೆ ಸಿಕ್ಕಿದ್ದು ಕಟಾವು ಯಂತ್ರದ ಹಳೆ ಅಲಗು. ಆಮೇಲೆ ಕ್ರೋಮ್ ಮಾಲಿಬ್ಡಿನಮ್ ಸೇರಿದ ಉಕ್ಕಿಗೆ ಬಂದ. ಗಂಟೆಗೆ ಎರಡು ಮಾಡುತ್ತಿದ್ದ, ಒಂದಕ್ಕೆ ಒಂದೂವರೆ ಡಾಲರ್. ಯುರೋಪಿನದು 20 ಸೆಂಟಿಗೆ ಸಿಗುತ್ತಿತ್ತು. ಏಳು ಪಟ್ಟಿಗಿಂತ ಜಾಸ್ತಿ ಬೆಲೆ. ಆದರೂ ಜನ ಕೊಂಡರು, ಯಾಕೆಂದರೆ ಕಿತ್ತು ಮತ್ತೆ ಹೊಡೆಯಬಹುದು.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ತಲೆನೋವಾಗಿದ್ದು ಇದೇ ಗುಣ.

ನೂರಕ್ಕೆ ಒಂದು ಲಾಭ

ಮೊದಲ ವರ್ಷಗಳನ್ನು ವ್ಯಾಪಾರ ಅನ್ನುವುದು ಕಷ್ಟ. ಅಪ್ಪ ಅಮ್ಮನ ಹಿತ್ತಲಲ್ಲಿ ಒಂದು ಗೂಡಿನಂಥ ವರ್ಕ್‌ಶಾಪು. ಸಾಮಾನೆಲ್ಲ ಕಾರಿಗೆ ತುಂಬಿಕೊಂಡು ಸಮುದ್ರದ ದಡದುದ್ದಕ್ಕೂ ಹೋಗುವುದು, ಅಲೆ ಸವಾರಿ ಮಾಡುವುದು, ಆಮೇಲೆ ಅಡಿಗಲ್ಲನ್ನು ಮರಳಿಗೆ ಇಳಿಸಿ ಅಲ್ಲೇ ಉಳಿ ಸುತ್ತಿಗೆ ಹಿಡಿದು ಪಿಟಾನ್ ಕಡಿಯುವುದು. ಮಾರಾಟ ಕಾರಿನ ಹಿಂಬದಿಯಿಂದ. ವರ್ಷಕ್ಕೆ 200 ದಿನದಷ್ಟು ಮಲಗುತ್ತಿದ್ದುದು ಸೇನೆಯ ಹಳೆ ಸ್ಲೀಪಿಂಗ್ ಬ್ಯಾಗಿನಲ್ಲಿ. ಒಂದು ಬೇಸಿಗೆಗೆ ಸೊಟ್ಟಗಾದ ಡಬ್ಬಿಗಳಲ್ಲಿದ್ದ ಬೆಕ್ಕಿನ ಆಹಾರವನ್ನು ಅಗ್ಗಕ್ಕೆ ಕೊಂಡು ತಿಂದದ್ದೂ ಉಂಟು. ಇದನ್ನೆಲ್ಲ ಈಗ ಕೇಳಲು ಮಜಾ ಅನಿಸುತ್ತದೆ. ತಿಂದವನಿಗೆ ಗೊತ್ತು.

1964ರಲ್ಲಿ ಮೊದಲ ಬೆಲೆಪಟ್ಟಿ ಬಂತು. ಸೈಕ್ಲೋಸ್ಟೈಲ್ ಮಾಡಿದ ಒಂದೇ ಹಾಳೆ. ಮೇ ತಿಂಗಳಿಂದ ನವೆಂಬರ್ ತನಕ ಸಾಮಾನು ಬೇಗ ಬರುತ್ತದೆ ಅಂತ ಕಾಯಬೇಡಿ ಎಂದು ಅದರಲ್ಲೇ ಬರೆದಿತ್ತು. ಅದು ಬಂಡೆ ಹತ್ತುವ ಕಾಲ, ಅಂಗಡಿ ನೋಡಿಕೊಳ್ಳುವವರು ಯಾರು?

1965ರಲ್ಲಿ ಇಂಜಿನಿಯರ್ ಜೊತೆಯಾದ. ವಿಮಾನ ವಿನ್ಯಾಸ ಓದಿದವನು, ಅವನೂ ಬಂಡೆ ಹತ್ತುವವನೇ. ಮರುವರ್ಷ ಕೆಲಸ ವೆಂಚುರಾ ಊರಿಗೆ ಬಂತು. ಹಳೆಯ ಮಾಂಸದ ಕಾರ್ಖಾನೆಯೊಂದರ ಬಾಯ್ಲರ್ ಇಟ್ಟಿದ್ದ ತಗಡಿನ ಶೆಡ್ಡು ಬಾಡಿಗೆಗೆ ಸಿಕ್ಕಿತು. ಇಬ್ಬರೂ ಸೇರಿ ಬಂಡೆ ಹತ್ತುವ ಬಹುತೇಕ ಪ್ರತಿ ಸಲಕರಣೆಯನ್ನೂ ಬಿಚ್ಚಿ ನೋಡಿ ಹೊಸದಾಗಿ ಮಾಡಿದರು. ಹಗುರ ಆಗಬೇಕು, ಗಟ್ಟಿ ಇರಬೇಕು, ನೋಡಲು ಸರಳವಾಗಿರಬೇಕು. 1970ರ ಹೊತ್ತಿಗೆ ಅಮೆರಿಕದಲ್ಲಿ ಈ ಸಾಮಾನು ಮಾರುವವರಲ್ಲಿ ಇವರೇ ಎಲ್ಲರಿಗಿಂತ ದೊಡ್ಡವರು.

ಹಾಗಂತ ದುಡ್ಡು ಬರುತ್ತಿತ್ತಾ? ಅಷ್ಟಕ್ಕಷ್ಟೆ. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ನೂರಕ್ಕೆ ಒಂದು ಉಳಿಯುತ್ತಿತ್ತು. ಕಾರಣ ಇವರ ಕೈಚಟ. ಒಂದು ಅಚ್ಚು ಮಾಡಿಸಿದರೆ ಮೂರರಿಂದ ಐದು ವರ್ಷ ದುಡಿಸಿ ಅದರ ಖರ್ಚು ತೆಗೆಯಬೇಕು. ಇವರು ಒಂದೇ ವರ್ಷಕ್ಕೆ ಇದಕ್ಕಿಂತ ಒಳ್ಳೆಯದು ಹೊಳೆಯಿತು ಅಂತ ಅಚ್ಚನ್ನು ಗುಜರಿಗೆ ಹಾಕುತ್ತಿದ್ದರು. ಯಾವ ಆಡಿಟರ್ ನೋಡಿದರೂ ತಲೆ ಚಚ್ಚಿಕೊಳ್ಳಬೇಕು. ಆದರೆ ಈ ಪ್ರಕರಣದಲ್ಲಿ ನನಗೆ ಈ ಚಟವೇ ಮುಖ್ಯ ಅನಿಸುತ್ತದೆ. ಚೆನ್ನಾಗಿ ಓಡುತ್ತಿರುವ ಅಚ್ಚನ್ನು ಎಸೆಯುವುದು ಇವರಿಗೆ ಮೊದಲೇ ರೂಢಿಯಾಗಿತ್ತು. ದೊಡ್ಡ ತೀರ್ಮಾನದ ದಿನ ಬಂದಾಗ ಕೈ ನಡುಗಲಿಲ್ಲ.

ಗೋಡೆಯ ಮೇಲೆ ಕಂಡದ್ದು

ಎಲ್ ಕ್ಯಾಪಿಟಾನ್ ಯೊಸೆಮಿಟಿಯ ಅತಿ ಹೆಸರಾದ ಬಂಡೆ. ಸುಮಾರು 900 ಮೀಟರ್ ಎತ್ತರದ ಒಂದೇ ಕಲ್ಲು. ಅದರ ನಟ್ಟನಡುವೆ ಮುಂಚಾಚಿದ ಅಂಚಿನ ದಾರಿಗೆ ನೋಸ್ ಅಂತ ಹೆಸರು, ಮೊದಲು ಹತ್ತಿದ್ದು 1958ರಲ್ಲಿ. ಕೆಲವೇ ಬೇಸಿಗೆಗಳ ಹಿಂದೆ ಅಚ್ಚುಕಟ್ಟಾಗಿದ್ದ ಆ ದಾರಿಯನ್ನು ಮತ್ತೆ ಹತ್ತಿದಾಗ ಕಂಡ ಸ್ಥಿತಿ ಕಮ್ಮಾರನನ್ನು ಕಾಡಿತು. ಸೀಳುಗಳೆಲ್ಲ ಗಾಯವಾಗಿದ್ದವು.

ಇದು ಹೇಗಾಗುತ್ತದೆ ನೋಡಿ. ಗಟ್ಟಿ ಪಿಟಾನ್ ಸೀಳಿಗೆ ಹೊಡೆಯುವಾಗ ಕಲ್ಲಿನ ಅಂಚು ಸ್ವಲ್ಪ ಉದುರುತ್ತದೆ. ಕೀಳುವಾಗ ಜಾಸ್ತಿ. ಯಾಕೆಂದರೆ ಕೀಳಬೇಕಾದರೆ ಅದರ ತಲೆಯನ್ನು ಅತ್ತ ಇತ್ತ ಬಡಿದು ಸಡಿಲ ಮಾಡಬೇಕು. ಹಿಂದೆ ಬರುವವನು ಅದೇ ಜಾಗಕ್ಕೆ ಹೊಡೆಯುತ್ತಾನೆ, ಅಲ್ಲೇ ಕೀಳುತ್ತಾನೆ. ಸೀಳು ಅಗಲವಾದಂತೆ ಮುಂದಿನವನಿಗೆ ಇನ್ನೂ ದಪ್ಪನೆಯ ಪಿಟಾನ್ ಬೇಕು. ಕೂದಲೆಳೆಯಷ್ಟಿದ್ದ ಸೀಳು ಕೆಲವು ವರ್ಷಗಳಲ್ಲಿ ಬೆರಳು ತೂರುವ ತೂತುಗಳ ಸಾಲಾಗುತ್ತದೆ.

ನಮ್ಮ ಬಾದಾಮಿಯ ಮರಳುಗಲ್ಲಿನಲ್ಲಿ ಹತ್ತಿದವರು ಅಲ್ಲಿನ ಬೋಲ್ಟ್‌ಗಳನ್ನು ನೋಡಿರುತ್ತಾರೆ. ಅವು ಒಮ್ಮೆ ಕೊರೆದು ಕೂರಿಸಿದವು, ಬಂದವರೆಲ್ಲ ಅದಕ್ಕೇ ಕೊಂಡಿ ಹಾಕುತ್ತಾರೆ. ಯುರೋಪಿನ ಮೆದು ಪಿಟಾನ್ ಕೂಡ ಹೀಗೇ ಕಲ್ಲಿನಲ್ಲಿ ಉಳಿಯುತ್ತಿತ್ತು. ಕಲ್ಲಿಗೆ ಒಂದೇ ಪೆಟ್ಟು. ನಮ್ಮ ಕಮ್ಮಾರನ ಗಟ್ಟಿ ಪಿಟಾನ್ ಮಾತ್ರ ಹೋಗಿ ಬಂದು, ಹೋಗಿ ಬಂದು ಮಾಡುತ್ತಿತ್ತು. ಅದು ಮಾರಾಟವಾಗಿದ್ದೇ ಆ ಗುಣಕ್ಕೆ. ಹಾಗಾಗಿ ಇದನ್ನು ಕಳಪೆ ಮಾಲಿನ ಸಮಸ್ಯೆ ಅನ್ನುವಂತಿಲ್ಲ. ಮಾಲು ಒಳ್ಳೆಯದಾಗಿದ್ದೇ ಸಮಸ್ಯೆ. ಜೊತೆಗೆ ಹತ್ತುವವರ ಸಂಖ್ಯೆ ಏರುತ್ತಿತ್ತು, ಎಲ್ಲರೂ ಹೋಗುತ್ತಿದ್ದುದು ಅವೇ ನಾಲ್ಕಾರು ಹೆಸರಾದ ದಾರಿಗಳಿಗೆ.

ಆಗ ಪಿಟಾನ್ ಇವರ ವ್ಯಾಪಾರದಲ್ಲಿ ನೂರಕ್ಕೆ ಸುಮಾರು 70ರಷ್ಟು. ಸುಮ್ನೆ ಇದ್ದುಬಿಡಬಹುದಿತ್ತು. ಯಾವ ಕಾನೂನೂ ತಡೆಯುತ್ತಿರಲಿಲ್ಲ. ಕಡಿಮೆ ಹೊಡೆಯಿರಿ, ಹುಷಾರಾಗಿ ಕೀಳಿರಿ ಅಂತ ಒಂದು ಚೀಟಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ತೀರಾ ಬುದ್ಧಿವಂತರಾದರೆ, ಸೀಳು ಅಗಲವಾದಷ್ಟೂ ದಪ್ಪ ಪಿಟಾನ್ ಮಾರಬಹುದಿತ್ತು. ನಗಬೇಡಿ, ಇಂಥ ವ್ಯಾಪಾರ ನಾವೆಲ್ಲ ನೋಡಿದ್ದೇವೆ ಅಲ್ವಾ? ಇಬ್ಬರೂ ಸೇರಿ ಪಿಟಾನ್ ವ್ಯಾಪಾರದಿಂದ ಹಿಂದೆ ಸರಿಯೋಣ ಎಂದುಕೊಂಡರು.

ಬೆಣೆ ಇತ್ತು, ನಂಬಿಕೆ ಇರಲಿಲ್ಲ

ಬದಲಿ ಸರಕು ಏನು? ಇಲ್ಲಿ ಹೊಸದನ್ನು ಕಂಡುಹಿಡಿದರು ಅಂತ ಹೇಳಿದರೆ ತಪ್ಪಾಗುತ್ತದೆ. ಬ್ರಿಟನ್ನಿನ ಹತ್ತುಗಾರರು ಮೊದಲಿಂದಲೂ ಪಿಟಾನ್ ಹೊಡೆಯಲು ಹಿಂಜರಿಯುತ್ತಿದ್ದರು. ಸೀಳಿನಲ್ಲಿ ಸಿಕ್ಕಿಕೊಂಡ ಕಲ್ಲಿಗೆ ಹಗ್ಗದ ಕುಣಿಕೆ ಹಾಕುತ್ತಿದ್ದರು. ಆಮೇಲೆ ವೇಲ್ಸ್ ಕಡೆ ರೈಲು ಹಳಿಯ ಪಕ್ಕ ಬಿದ್ದ ನಟ್ಟುಗಳನ್ನು ಆಯ್ದು, ಅದರ ತೂತಿಗೆ ಹುರಿ ಪೋಣಿಸಿ ಸೀಳಿನಲ್ಲಿ ಸಿಕ್ಕಿಸುವ ಅಭ್ಯಾಸ ಬಂತು. 1961ರ ಹೊತ್ತಿಗೆ ಅದಕ್ಕೆಂದೇ ಮಾಡಿದ ಬೆಣೆಗಳೂ ಅಲ್ಲಿ ಇದ್ದವು. ಸೀಳು ಮೇಲೆ ಅಗಲ, ಕೆಳಗೆ ಕಿರಿದು ಇರುವ ಕಡೆ ಬೆಣೆಯನ್ನು ಇಳಿಸಿ ಎಳೆದರೆ ಸಾಕು, ಕಚ್ಚಿಕೊಳ್ಳುತ್ತದೆ. ಭಾರ ಬಿದ್ದಷ್ಟೂ ಬಿಗಿ. ಮೇಲಕ್ಕೆ ತಳ್ಳಿದರೆ ಬಿಟ್ಟುಕೊಳ್ಳುತ್ತದೆ. ಸುತ್ತಿಗೆ ಬೇಡ. ರೈತರಿಗೆ, ಬಡಗಿಗಳಿಗೆ ಬೆಣೆಯ ಬುದ್ಧಿ ಹೇಳಿಕೊಡಬೇಕಾಗಿಲ್ಲ ಬಿಡಿ.

ಯೊಸೆಮಿಟಿಯ ಇನ್ನೊಬ್ಬ ಹೆಸರಾಂತ ಹತ್ತುಗಾರ 1966ರಲ್ಲಿ ಬ್ರಿಟನ್ನಿಗೆ ಹೋಗಿ ಇದನ್ನು ಕಲಿತು ಬಂದಿದ್ದ. 1967ರಲ್ಲಿ ಯೊಸೆಮಿಟಿಯಲ್ಲೇ ಬರೀ ಬೆಣೆ ಬಳಸಿ ಒಂದು ಹೊಸ ದಾರಿ ಹತ್ತಿ ತೋರಿಸಿದ್ದ. ಆದರೂ ಅಮೆರಿಕದವರು ಸುತ್ತಿಗೆ ಬಿಡಲಿಲ್ಲ.

ಯಾಕೆ? ಪಿಟಾನ್ ಹೊಡೆಯುವಾಗ ಒಂದು ಸದ್ದು ಬರುತ್ತದೆ. ಸರಿಯಾಗಿ ಒಳಗೆ ಹೋಗುತ್ತಿದ್ದರೆ ಪ್ರತಿ ಪೆಟ್ಟಿಗೂ ಸ್ವರ ಏರುತ್ತದೆ. ನೆಲದಿಂದ 500 ಅಡಿ ಮೇಲೆ ನೇತಾಡುವವನಿಗೆ ಆ ಟಣ್ ಟಣ್ ದೇವರ ಗಂಟೆ ಇದ್ದ ಹಾಗೆ. ಬೆಣೆ ಸದ್ದು ಮಾಡುವುದಿಲ್ಲ. ಕೈಯಲ್ಲಿ ಸಿಕ್ಕಿಸಿದ ಅಲ್ಯೂಮಿನಿಯಂ ತುಂಡು ಜೀವ ಉಳಿಸುತ್ತದೆ ಅಂತ ನಂಬುವುದು ಹೇಗೆ?

ಇವರ ಕೆಲಸ ಇಲ್ಲಿ ಎರಡಾಯಿತು. ಒಂದು, ಸರಕು ಮಾಡುವುದು. ಎರಡು ಬಗೆ ಮಾಡಿದರು. ಒಂದು ಸಾದಾ ಬೆಣೆಯ ಆಕಾರದ್ದು, ಕಿರಿದಾದ ಸೀಳಿಗೆ. ಇನ್ನೊಂದು ಆರು ಮುಖದ ಟೊಳ್ಳು ತುಂಡು, ಅಗಲ ಸೀಳಿಗೆ. ಅದನ್ನು ತಿರುಗಿಸಿ ಇಟ್ಟರೆ ಬೇರೆ ಅಳತೆಗೂ ಕೂರುತ್ತದೆ. ಈ ಭಾಗ ಇವರಿಗೆ ನೀರು ಕುಡಿದಷ್ಟು ಸುಲಭ ಅಲ್ಲದಿದ್ದರೂ ಗೊತ್ತಿದ್ದ ಕೆಲಸ.

ಇನ್ನೊಂದು, ಗಿರಾಕಿಯ ಕೈಗೆ ಹೊಸ ವಿದ್ಯೆ ಕೊಡುವುದು. 1972ರ ಬೆಲೆಪಟ್ಟಿ ನೋಡಿದರೆ ಇದು ಎಷ್ಟು ಗಂಭೀರವಾಗಿ ನಡೆಯಿತು ಅಂತ ಗೊತ್ತಾಗುತ್ತದೆ. ಅದರ ಶುರುವಿನಲ್ಲೇ ಇಬ್ಬರು ಮಾಲೀಕರ ಮಾತು: ಪಿಟಾನ್ ಬಂಡೆಯನ್ನು ಹಾಳು ಮಾಡುತ್ತಿದೆ ಅಂತ. ಇಷ್ಟು ವರ್ಷ ಅದನ್ನು ಮಾಡಿ ಮಾರಿದವರೇ ಹೇಳಿದ್ದು. ಆಮೇಲೆ 14 ಪುಟದ ಒಂದು ಲೇಖನ. ಬರೆದವನು ಸಿಯೆರಾ ಬೆಟ್ಟಗಳಲ್ಲಿ ಹತ್ತುತ್ತಿದ್ದವನು, ಅವರಂಥದೇ ಹುಚ್ಚಿನ ಮನುಷ್ಯ. ಬೆಣೆ ಎಲ್ಲಿ ಕೂರುತ್ತದೆ, ಎಲ್ಲಿ ಕೂರುವುದಿಲ್ಲ, ಹೇಗೆ ಎಳೆದು ನೋಡಬೇಕು, ಎಲ್ಲ ಅದರಲ್ಲಿತ್ತು. ಬಂಡೆಯ ಮೇಲೆ ಗುರುತು ಬಿಡದೆ ಹತ್ತುವುದೇ ಹೆಚ್ಚಿನ ಕಲೆ ಅನ್ನುವ ಮಾತು ಅದರ ಬೆನ್ನೆಲುಬು. ಅಂದರೆ ಬೆಣೆ ಕೊಳ್ಳುವವನಿಗೆ ನೀನು ಸುರಕ್ಷತೆ ಕಳೆದುಕೊಂಡೆ ಅನಿಸಬಾರದು, ನಿನ್ನ ಆಟ ಒಂದು ಮೆಟ್ಟಿಲು ಮೇಲೇರಿತು ಅನಿಸಬೇಕು. ಪಿಟಾನ್ ಹೊಡೆಯಲು ತೋಳ್ಬಲ ಬೇಕು, ಬೆಣೆಗೆ ಕಲ್ಲನ್ನು ಓದುವ ಕಣ್ಣು ಬೇಕು.

ಕೆಲವೇ ತಿಂಗಳಲ್ಲಿ ಪಿಟಾನ್ ಮಾರಾಟ ಕುಸಿಯಿತು. ಬೆಣೆ ಎಷ್ಟು ಮಾಡಿದರೂ ಸಾಲದಾಯಿತು. ಶೆಡ್ಡಿನ ಸದ್ದೇ ಬದಲಾಯಿತು. ಮೊದಲು ಭಾರಿ ಯಂತ್ರದ ಸುತ್ತಿಗೆ ಧಡ್ ಧಡ್ ಅನ್ನುತ್ತಿತ್ತು. ಈಗ ಹುರಿ ಪೋಣಿಸುವ ತೂತು ಕೊರೆಯುವ ಡ್ರಿಲ್ಲುಗಳ ಕಿರ್ರೋ ಅನ್ನುವ ಸದ್ದು. 1973ರಲ್ಲಿ ಮೂವರು ಹತ್ತುಗಾರರು, ಆ ಲೇಖನ ಬರೆದವನೂ ಸೇರಿ, ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ವಾಯವ್ಯ ಗೋಡೆಯನ್ನು ಪಿಟಾನ್ ಹೊಡೆಯದೆ ಹತ್ತಿದರು. 1974ರ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟಕ್ಕೆ ಆ ಸುದ್ದಿ ಬಂತು. ಅಲ್ಲಿಗೆ ವಾದ ಮುಗಿದ ಹಾಗೆ.

ಇದನ್ನು ತ್ಯಾಗ ಅಂತ ಹಾಡಿ ಹೊಗಳುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಬದಲಿ ಸರಕು ಕೈಯಲ್ಲಿತ್ತು. ಅದನ್ನು ಮಾಡಬಲ್ಲ ಜನ ಅದೇ ಶೆಡ್ಡಿನಲ್ಲಿದ್ದರು. ಗಿರಾಕಿಗಳೂ ಹಳಬರೇ. ಮಾಲೀಕರು ತಾವೇ ಆ ಸಾಮಾನಿಗೆ ನೇತುಬಿದ್ದು ಹತ್ತುವವರಾದ್ದರಿಂದ ಅವರ ಮಾತಿಗೆ ಬೆಲೆ ಇತ್ತು. ಧೈರ್ಯ ಇದ್ದದ್ದು ಬೇರೆ ಕಡೆ. ಹೊಸದು ಓಡುತ್ತದೋ ಇಲ್ಲವೋ ನೋಡಿಕೊಂಡು ಹಳೆಯದರ ಬಗ್ಗೆ ಮಾತಾಡೋಣ ಅಂತ ಅವರು ಕಾಯಲಿಲ್ಲ. ಹಳೆಯದು ಕೆಟ್ಟದ್ದು, ಹೊಸದು ಹೀಗೆ ಅಂತ ಒಂದೇ ಪುಸ್ತಕದಲ್ಲಿ ಒಟ್ಟಿಗೆ ಹೇಳಿದರು. ಹಿಂದಕ್ಕೆ ಹೋಗುವ ದಾರಿಯನ್ನು ತಾವೇ ಮುಚ್ಚಿಕೊಂಡರು.

ಅಂಗಿಯ ಪಾಠ

ಇಷ್ಟು ಓದಿ ಈ ಜನ ಮುಟ್ಟಿದ್ದೆಲ್ಲ ಚಿನ್ನ ಅಂದುಕೊಳ್ಳಬೇಡಿ.

1970ರಲ್ಲಿ ಕಮ್ಮಾರ ಸ್ಕಾಟ್ಲೆಂಡಿಗೆ ಚಳಿಗಾಲದಲ್ಲಿ ಹತ್ತಲು ಹೋದಾಗ ಒಂದು ರಗ್ಬಿ ಅಂಗಿ ಕೊಂಡಿದ್ದ. ನೀಲಿ ಬಣ್ಣ, ಎದೆಯ ಮೇಲೆ ಕೆಂಪು ಹಳದಿ ಪಟ್ಟೆ. ದಪ್ಪ ಕಾಲರು ಇದ್ದುದರಿಂದ ಸಾಮಾನು ತೂಗುಹಾಕಿದ ಪಟ್ಟಿ ಕುತ್ತಿಗೆ ಕೊರೆಯುತ್ತಿರಲಿಲ್ಲ. ಊರಿಗೆ ಬಂದ ಮೇಲೆ ಗೆಳೆಯರೆಲ್ಲ ಎಲ್ಲಿ ಸಿಕ್ಕಿತು ಅಂತ ಕೇಳಿದರು. ತರಿಸಿದರು, ಖರ್ಚಾಯಿತು. ಮತ್ತೆ ತರಿಸಿದರು, ಅದೂ ಖರ್ಚಾಯಿತು. ಕಬ್ಬಿಣದ ವ್ಯಾಪಾರದಲ್ಲಿ ಉಳಿಯದ ಕಾಸು ಬಟ್ಟೆಯಲ್ಲಿ ಉಳಿಯಬಹುದು ಅಂತ ಹೊಳೆಯಿತು. ಸಲಕರಣೆಯ ಹೆಸರು ಕೆಡಬಾರದು ಅಂತ ಬಟ್ಟೆಗೆ 1973ರಲ್ಲಿ ಬೇರೆಯೇ ಹೆಸರಿಟ್ಟರು.

ಆಮೇಲೆ ದುಡುಕಿದರು. 1974ರಲ್ಲಿ ಹಾಂಗ್‌ಕಾಂಗ್‌ನ ಒಂದು ಗಾರ್ಮೆಂಟ್ಸ್‌ಗೆ ತಿಂಗಳಿಗೆ 3,000 ಅಂಗಿಯಂತೆ, ಎಂಟು ಬಗೆಯ ಬಣ್ಣದಲ್ಲಿ, ಹೊಲಿಯಲು ಆರ್ಡರ್ ಕೊಟ್ಟರು. ಮಾಲು ತಡವಾಗಿ ಬಂತು. ಬಂದದ್ದು ನೋಡಿದರೆ ಬಟ್ಟೆ ಕುಗ್ಗುತ್ತದೆ, ಹೊಲಿಗೆ ನಿಲ್ಲುವುದಿಲ್ಲ, ಕೆಲವಕ್ಕೆ ತೋಳು ಮುಕ್ಕಾಲೇ ಇದೆ. ಅಸಲಿಗಿಂತ ಕಡಿಮೆಗೆ ಮಾರಿ ಮುಗಿಸಬೇಕಾಯಿತು. ಕಂಪನಿ ಮುಳುಗುವ ಹಂತಕ್ಕೆ ಹೋಯಿತು. 1975ರ ಕೊನೆಗೆ ಇಂಜಿನಿಯರ್ ಪಾಲುದಾರಿಕೆ ಬಿಟ್ಟು ಹೊರನಡೆದ.

ಎರಡೇ ವರ್ಷದ ಅಂತರ, ಅದೇ ಜನ. ಬೆಣೆಯಲ್ಲಿ ಗೆದ್ದವರು ಅಂಗಿಯಲ್ಲಿ ಯಾಕೆ ಬಿದ್ದರು? ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಾಣುವುದು ಇಷ್ಟು. ಬೆಣೆಯನ್ನು ತಾವೇ ಕೊರೆದರು, ತಾವೇ ಬಂಡೆಗೆ ಸಿಕ್ಕಿಸಿ ನೇತಾಡಿದರು. ಅಂಗಿಯನ್ನು ಕಾಗದದ ಮೇಲೆ ಬರೆದು ಕಳಿಸಿದರು. ಚಳಿಯ ಬಂಡೆಗೆ ಉಜ್ಜಿ ಬಾಳುವ ಅಂಗಿ ಹೇಗಿರಬೇಕು ಅಂತ ಇವರಿಗೆ ಗೊತ್ತಿತ್ತು, ಫ್ಯಾಷನ್ ಬಟ್ಟೆ ಹೊಲಿಯುವವರಿಗೆ ಗೊತ್ತಿರಲಿಲ್ಲ. ಆ ಗೊತ್ತಿರುವುದನ್ನು ಅಲ್ಲಿಗೆ ಮುಟ್ಟಿಸುವ ವ್ಯವಸ್ಥೆ ಮಾಡಿಕೊಳ್ಳುವ ಮೊದಲೇ ಸಾವಿರಗಟ್ಟಲೆ ಆರ್ಡರ್ ಹೋಗಿತ್ತು. ಗಿರಾಕಿಗೆ 14 ಪುಟ ಬರೆದು ಕಲಿಸಿದವರು ದರ್ಜಿಗೆ ಕಲಿಸಲು ಮರೆತರು.

ಹೇಗೋ ಪಾರಾದರು. ಬಟ್ಟೆ ಆಮೇಲೆ ಬೆಳೆದು ಬೆಳೆದು ಮೂಲ ಕಬ್ಬಿಣದ ವ್ಯಾಪಾರವನ್ನೇ ನುಂಗಿ ನಿಂತಿತು. ಆ ಕಥೆ ಎಲ್ಲರಿಗೂ ಗೊತ್ತಿರುವುದೇ, ಬಿಡಿ.

ಕುಲುಮೆಗೆ ಏನಾಯಿತು

ಸಲಕರಣೆ ಮಾಡುವ ಕಂಪನಿ ಬಟ್ಟೆಯಿಂದ ಬೇರೆಯಾಗಿ ನಡೆಯುತ್ತಿತ್ತು. 1980ರ ದಶಕದ ಕೊನೆಗೆ ಅದರ ಮೇಲೆ ಪರಿಹಾರದ ಮೊಕದ್ದಮೆಗಳು ಬೀಳತೊಡಗಿದವು. ಕಿಟಕಿ ತೊಳೆಯುವ ಒಬ್ಬ, ಕೊಳಾಯಿ ಕೆಲಸದ ಒಬ್ಬ, ನಾಟಕದ ರಂಗದ ಹಿಂದೆ ದುಡಿಯುವ ಒಬ್ಬ. ಹತ್ತುವ ಹಗ್ಗದಲ್ಲಿ ಹಗ್ಗಜಗ್ಗಾಟ ಆಡಿ ಕಾಲು ಮುರಿದುಕೊಂಡ ಇನ್ನೊಬ್ಬ. ಸರಿಯಾಗಿ ಎಚ್ಚರಿಕೆ ಬರೆದಿಲ್ಲ ಎಂಬುದು ದೂರು. ಸಾಮಾನು ಕೈಕೊಟ್ಟಿತು ಅಂತ ಯಾರೂ ಹೇಳಲಿಲ್ಲ. ಹೊಸಬರಿಗೆ ಹತ್ತುವುದು ಕಲಿಸುವ ತರಗತಿಯಲ್ಲಿ ಸೊಂಟಪಟ್ಟಿ ಸರಿಯಾಗಿ ಕಟ್ಟಿಕೊಳ್ಳದೆ ಬಿದ್ದು ಸತ್ತ ಒಬ್ಬರ ಮನೆಯವರ ಮೊಕದ್ದಮೆ ಇವೆಲ್ಲಕ್ಕಿಂತ ಭಾರವಾಗಿತ್ತು. ವಿಮೆಯ ಕಂತು ಒಂದೇ ವರ್ಷದಲ್ಲಿ ನೂರಕ್ಕೆ 2,000ದಷ್ಟು ಏರಿತು. 1989ರಲ್ಲಿ ಕಂಪನಿ ದಿವಾಳಿ ಕಾನೂನಿನ ಮೊರೆಹೋಯಿತು.

ಆಗ ನೌಕರರೇ ಮುಂದೆ ಬಂದರು. ಯಂತ್ರ, ಅಚ್ಚು, ವಿನ್ಯಾಸ ಎಲ್ಲವನ್ನೂ ಕೊಂಡು ಹೊಸ ಹೆಸರಿನಲ್ಲಿ ಕಂಪನಿ ಕಟ್ಟಿದರು. 1991ರಲ್ಲಿ ಅದನ್ನು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಸಾಗಿಸಿದರು. ಅದು ಇಂದಿಗೂ ಇದೆ. ಬೆಣೆ ಮಾರುತ್ತದೆ, ಪಿಟಾನನ್ನೂ ಮಾರುತ್ತದೆ. ಬೆಣೆ ಕೂರದ ಸಣ್ಣ ಸೀಳುಗಳಿಗೆ ಅದು ಬೇಕೇ ಬೇಕು.

ಯೊಸೆಮಿಟಿಯಲ್ಲಿ ಸೆರೆನಿಟಿ ಕ್ರ್ಯಾಕ್ ಅಂತ ಒಂದು ದಾರಿ ಇದೆ. ಪಿಟಾನ್ ಕಾಲದ ಗಾಯಗಳಿಗೆ ಹೆಸರಾದದ್ದು. ಈಗಿನವರು ಅಲ್ಲಿ ಸುತ್ತಿಗೆ ಇಲ್ಲದೆ ಹತ್ತುತ್ತಾರೆ, ಸಾಲಾಗಿರುವ ಆ ಹಳೆ ತೂತುಗಳಿಗೆ ಬೆರಳು ತೂರಿಸಿಕೊಂಡು.